2006ರ ಏಪ್ರಿಲ್ 1ರ ಗೆರೆ: ಕರ್ನಾಟಕದ ಸರ್ಕಾರಿ ನೌಕರರ ಪಿಂಚಣಿ ಸುಧಾರಣೆ, ಒಂದು ಪ್ರಕರಣ ಅಧ್ಯಯನ

ಕರ್ನಾಟಕದ ಯಾವುದೇ ತಾಲೂಕು ಕಚೇರಿಗೋ ಸರ್ಕಾರಿ ಪ್ರೌಢಶಾಲೆಗೋ ಹೋಗಿ ವಿಚಾರಿಸಿದರೆ ಅಲ್ಲಿನ ನೌಕರರು ತಮ್ಮನ್ನು ಎರಡು ಗುಂಪಾಗಿ ಹೇಳಿಕೊಳ್ಳುತ್ತಾರೆ: ‘ಒಪಿಎಸ್‌ನವರು’, ಅಂದರೆ ಹಳೆಯ ಪಿಂಚಣಿ ಪದ್ಧತಿಯವರು, ಮತ್ತು ‘ಎನ್‌ಪಿಎಸ್‌ನವರು’, ಅಂದರೆ ಹೊಸ ಪಿಂಚಣಿ ಪದ್ಧತಿಯವರು. ಹುದ್ದೆ ಒಂದೇ, ವೇತನ ಶ್ರೇಣಿ ಒಂದೇ, ವರ್ಗಾವಣೆಯ ನಿಯಮ ಒಂದೇ. ಬೇರೆಯಾಗಿರುವುದು ಕೆಲಸಕ್ಕೆ ಹಾಜರಾದ ದಿನಾಂಕ ಮಾತ್ರ. 2006ರ ಮಾರ್ಚ್ 31ರೊಳಗೆ ಹಾಜರಾದವರಿಗೆ ನಿವೃತ್ತಿಯ ನಂತರ ಕೊನೆಯ ಮೂಲ ವೇತನದ ಅರ್ಧದವರೆಗೆ ಪಿಂಚಣಿ, ಅದರ ಮೇಲೆ ಬೆಲೆ ಏರಿದಂತೆ ಏರುವ ತುಟ್ಟಿಭತ್ಯೆ. ಏಪ್ರಿಲ್ 1ರಿಂದ ಈಚೆಗೆ ಬಂದವರಿಗೆ ಪ್ರತಿ ತಿಂಗಳೂ ಸಂಬಳದಲ್ಲಿ ಕಡಿತ, ಆ ಹಣ ಮಾರುಕಟ್ಟೆಯಲ್ಲಿ ಹೂಡಿಕೆ. ಕೊನೆಗೆ ಕೈಗೆ ಎಷ್ಟು ಬರುತ್ತದೆಂಬುದು ಆ ಹೊತ್ತಿನ ಲೆಕ್ಕ.

ಪಿಂಚಣಿ ಸುಧಾರಣೆ ಎಂದರೆ ಏನು, ಅದು ಎಲ್ಲಿ ಎಡವುತ್ತದೆ ಎಂದು ತಿಳಿಯಲು ನಮಗೆ ದೂರ ಹೋಗಬೇಕಿಲ್ಲ. ಈ ಗೆರೆ ಎಳೆದದ್ದು ಬಹಳ ಸುಲಭವಾಗಿ. ಅಳಿಸಲು ಹೊರಟಾಗ ಮಾತ್ರ ಅದು ಎಷ್ಟು ಆಳವಾಗಿ ಕೊರೆದಿದೆ ಎಂಬುದು ಗೊತ್ತಾಯಿತು. ನನ್ನ ವಾದ ಇಷ್ಟು: ಆರಂಭದ ಆ ಸುಲಭವೇ ನಂತರದ ಕಷ್ಟಕ್ಕೆಲ್ಲ ಮೂಲ.

ಹಳೆಯ ಪದ್ಧತಿಯ ಒಳಗು

ಹಳೆಯ ಪಿಂಚಣಿಗೆ ಪ್ರತ್ಯೇಕ ನಿಧಿ ಎಂಬುದೇ ಇಲ್ಲ. ಈ ವರ್ಷದ ತೆರಿಗೆ ಆದಾಯದಿಂದ ಈ ವರ್ಷದ ನಿವೃತ್ತರಿಗೆ ಖಜಾನೆ ಹಣ ಕೊಡುತ್ತದೆ. ಇಂದು ಕೆಲಸ ಮಾಡುತ್ತಿರುವವರ ನಾಳಿನ ಪಿಂಚಣಿಗೆಂದು ಒಂದು ರೂಪಾಯಿಯನ್ನೂ ಎತ್ತಿಡುವುದಿಲ್ಲ. ನೌಕರರು ಜಿಪಿಎಫ್‌ಗೆ (ಸಾಮಾನ್ಯ ಭವಿಷ್ಯ ನಿಧಿಗೆ) ಕಟ್ಟುವುದು ಅವರದ್ದೇ ಉಳಿತಾಯ, ಅದಕ್ಕೂ ಪಿಂಚಣಿಗೂ ಸಂಬಂಧವಿಲ್ಲ. ಕೊಡುವ ಮೊತ್ತ ನಿಶ್ಚಿತ, ಅದಕ್ಕೆ ಹಣ ಎಲ್ಲಿಂದ ಎಂಬುದು ಅನಿಶ್ಚಿತ. ಹೊಸ ಪದ್ಧತಿಯಲ್ಲಿ ಇದು ತಿರುವುಮುರುವು: ಕಟ್ಟುವ ವಂತಿಗೆ ನಿಶ್ಚಿತ, ಸಿಗುವ ಮೊತ್ತ ಅನಿಶ್ಚಿತ. ಜಗತ್ತಿನ ಬಹುಪಾಲು ಪಿಂಚಣಿ ವ್ಯವಸ್ಥೆಗಳು ಈ ಎರಡು ತುದಿಗಳ ನಡುವೆ ಎಲ್ಲೋ ಒಂದು ಕಡೆ ನಿಂತಿವೆ.

ಹಳೆಯ ಪಿಂಚಣಿಯ ಹಿಂದೆ ಒಂದು ನೈತಿಕ ಬಲವೂ ಇತ್ತು. 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ಪಿಂಚಣಿ ಸರ್ಕಾರದ ಕೃಪೆಯಲ್ಲ, ದಾನವಲ್ಲ. ದುಡಿದ ಕಾಲಕ್ಕೆ ಸಲ್ಲಬೇಕಾದ ಹಕ್ಕು. ನಿವೃತ್ತರ ಸಂಘಗಳು ಇಂದಿಗೂ ಡಿಸೆಂಬರ್ 17ನ್ನು ಪಿಂಚಣಿದಾರರ ದಿನವಾಗಿ ಆಚರಿಸುತ್ತವೆ. ಒಂದೇ ವರ್ಗದ ನಿವೃತ್ತರ ನಡುವೆ ಒಂದು ದಿನಾಂಕವನ್ನಿಟ್ಟು ಭೇದ ಮಾಡುವುದು ಸರಿಯೇ ಎಂಬುದೇ ಆ ಮೊಕದ್ದಮೆಯ ತಿರುಳಾಗಿತ್ತು. 2006ರ ಗೆರೆಯನ್ನು ನೌಕರರು ಪ್ರಶ್ನಿಸುವಾಗ ನಕಾರಾ ಹೆಸರು ಮತ್ತೆ ಮತ್ತೆ ಬರುವುದು ಇದಕ್ಕೇ.

ಇಷ್ಟೆಲ್ಲ ಬಲವಿದ್ದ ಪದ್ಧತಿಯನ್ನು ಬದಲಿಸಬೇಕೆಂದು ಯಾಕೆ ಅನ್ನಿಸಿತು? ಜನ ಹೆಚ್ಚು ಕಾಲ ಬದುಕುತ್ತಿದ್ದಾರೆ. 60ಕ್ಕೆ ನಿವೃತ್ತರಾದವರು 85ರವರೆಗೆ ಬದುಕಿದರೆ 25 ವರ್ಷ ಪಿಂಚಣಿ, ನಂತರ ಸಂಗಾತಿಗೆ ಕುಟುಂಬ ಪಿಂಚಣಿ. ವೇತನ ಆಯೋಗ ಬಂದಾಗಲೆಲ್ಲ ಹಾಲಿ ನೌಕರರ ಜೊತೆಗೆ ನಿವೃತ್ತರ ಪಿಂಚಣಿಯೂ ಪರಿಷ್ಕರಣೆಯಾಗುತ್ತದೆ. ಹಾಗಾಗಿ ಇಂದು ನಿವೃತ್ತರಾದ ಒಬ್ಬರಿಗೆ ಮುಂದೆ ಒಟ್ಟು ಎಷ್ಟು ಕೊಡಬೇಕಾದೀತು ಎಂದು ಯಾವ ಹಣಕಾಸು ಕಾರ್ಯದರ್ಶಿಯೂ ಖಚಿತವಾಗಿ ಹೇಳಲಾರರು. 1990ರ ದಶಕದ ಕೊನೆಯಲ್ಲಿ ಐದನೇ ವೇತನ ಆಯೋಗದ ಶಿಫಾರಸುಗಳು ಜಾರಿಯಾದ ಮೇಲೆ ಕೇಂದ್ರ, ರಾಜ್ಯಗಳೆರಡರ ಪಿಂಚಣಿ ವೆಚ್ಚ ದಿಢೀರನೆ ಏರಿತು. ಸಂಬಳ, ಪಿಂಚಣಿ, ಬಡ್ಡಿ ಕಳೆದು ಮಿಕ್ಕದ್ದರಲ್ಲಿ ರಸ್ತೆ, ಶಾಲೆ, ಆಸ್ಪತ್ರೆ ಎಲ್ಲವನ್ನೂ ನೋಡಬೇಕೆಂಬ ಇಕ್ಕಟ್ಟು ಆಗಲೇ ಶುರುವಾಗಿತ್ತು.

ಕೈಬಿಟ್ಟ ಒಂದು ಶಿಫಾರಸು

ಇಲ್ಲಿ ಕರ್ನಾಟಕದ ನಂಟಿರುವ ಒಂದು ಸಂಗತಿ ಇದೆ. ಇದನ್ನು ನಮ್ಮಲ್ಲಿ ಹೆಚ್ಚಿನವರು ಮರೆತಿದ್ದಾರೆ. ಕೇಂದ್ರ ಸರ್ಕಾರದ ಹೊಸ ನೌಕರರಿಗೆ ಎಂಥ ಪಿಂಚಣಿ ಇರಬೇಕೆಂದು ಹೇಳಲು ನೇಮಿಸಿದ ಉನ್ನತ ಮಟ್ಟದ ತಜ್ಞರ ತಂಡಕ್ಕೆ ಅಧ್ಯಕ್ಷರಾಗಿದ್ದವರು ಕರ್ನಾಟಕದ ಮುಖ್ಯ ಕಾರ್ಯದರ್ಶಿಯಾಗಿದ್ದ ಬಿ.ಕೆ. ಭಟ್ಟಾಚಾರ್ಯ. 2002ರಲ್ಲಿ ಕೊಟ್ಟ ವರದಿಯಲ್ಲಿ ಆ ತಂಡ ಹೇಳಿದ್ದು ಮಿಶ್ರ ಪದ್ಧತಿ. ನೌಕರನೂ ಸರ್ಕಾರವೂ ವಂತಿಗೆ ಕಟ್ಟಿ ನಿಧಿ ಬೆಳೆಸಬೇಕು, ಆ ನಿಧಿಯ ಆಧಾರದ ಮೇಲೆ ನೌಕರನಿಗೆ ಒಂದು ನಿಶ್ಚಿತ ಪಿಂಚಣಿ ಸಿಗಬೇಕು, ಅದರ ಮೇಲೆ ಬೇಕಾದವರಿಗೆ ಮಾರುಕಟ್ಟೆಯ ಎರಡನೇ ಹಂತ. ಅಂದರೆ ಹಣವನ್ನು ಮೊದಲೇ ಕೂಡಿಡಬೇಕು ಎಂಬ ಹೊಸ ಪಾಠ ಮತ್ತು ಕೈಗೆ ಸಿಗುವುದು ಇಷ್ಟು ಎಂಬ ಹಳೆಯ ಭರವಸೆ ಎರಡನ್ನೂ ಉಳಿಸಿಕೊಳ್ಳುವ ಪ್ರಯತ್ನ.

ಕೇಂದ್ರ ಆ ದಾರಿ ಹಿಡಿಯಲಿಲ್ಲ. ಅಸಂಘಟಿತ ವಲಯಕ್ಕಾಗಿ ಎಸ್.ಎ. ದವೆ ನೇತೃತ್ವದ ‘ಓಯಸಿಸ್’ ಸಮಿತಿ ರೂಪಿಸಿದ್ದ ವೈಯಕ್ತಿಕ ಖಾತೆಯ ಮಾದರಿಯನ್ನೇ ಸರ್ಕಾರಿ ನೌಕರರಿಗೂ ಹೊಂದಿಸಲಾಯಿತು. 2003ರ ಡಿಸೆಂಬರ್ 22ರಂದು ಅಧಿಸೂಚನೆ ಬಂತು. 2004ರ ಜನವರಿ 1ರಿಂದ ಸೇರುವ ಕೇಂದ್ರ ನೌಕರರಿಗೆ, ಸಶಸ್ತ್ರ ಪಡೆಗಳನ್ನು ಬಿಟ್ಟು, ಅದು ಕಡ್ಡಾಯ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 10 ನೌಕರನದ್ದು, ಅಷ್ಟೇ ಸರ್ಕಾರದ್ದು. ಕನಿಷ್ಠ ಇಷ್ಟು ಸಿಗುತ್ತದೆಂಬ ಖಾತರಿ ಎಲ್ಲೂ ಇರಲಿಲ್ಲ. ಯೋಜನೆಯನ್ನು ತಂದದ್ದು ವಾಜಪೇಯಿ ಸರ್ಕಾರ. ಅದರ ನಿಯಂತ್ರಣ ಪ್ರಾಧಿಕಾರಕ್ಕೆ 2013ರಲ್ಲಿ ಕಾಯ್ದೆಯ ಬಲ ಕೊಟ್ಟದ್ದು ಮನಮೋಹನ್ ಸಿಂಗ್ ಸರ್ಕಾರ. ಇದನ್ನು ಒಂದೇ ಪಕ್ಷದ ತಲೆಗೆ ಕಟ್ಟುವಂತಿಲ್ಲ. ರಾಜ್ಯಗಳು ಒಂದೊಂದಾಗಿ ಸೇರಿದವು, ಕರ್ನಾಟಕ 2006ರ ಏಪ್ರಿಲ್ 1ರಿಂದ. ಪಶ್ಚಿಮ ಬಂಗಾಳ ಸೇರಲಿಲ್ಲ.

ಆಗ ದೊಡ್ಡ ಮುಷ್ಕರಗಳು ಯಾಕೆ ನಡೆಯಲಿಲ್ಲ? ಸಂಘದ ಸದಸ್ಯರಾಗಿದ್ದ ಯಾರಿಗೂ ಇದರಿಂದ ಒಂದು ಪೈಸೆಯ ನಷ್ಟವಿರಲಿಲ್ಲ. ನಷ್ಟ ಅನುಭವಿಸಬೇಕಾದವರು ಆಗ ಕಾಲೇಜಿನಲ್ಲಿದ್ದರು, ಡಿ.ಎಡ್. ಓದುತ್ತಿದ್ದರು, ಕೆಪಿಎಸ್‌ಸಿ ಪರೀಕ್ಷೆಗೆ ಕೂರುತ್ತಿದ್ದರು. ಮಾತುಕತೆಗೆ ಕರೆಯಬೇಕಾದವರು ಇನ್ನೂ ನೌಕರರೇ ಆಗಿರಲಿಲ್ಲ. ಜಗತ್ತಿನ ಬಹಳಷ್ಟು ಪಿಂಚಣಿ ಸುಧಾರಣೆಗಳು ಇದೇ ಉಪಾಯ ಹೂಡಿವೆ: ಹಳಬರನ್ನು ಮುಟ್ಟಬೇಡಿ, ಹೊಸಬರಿಗೆ ಬದಲಿಸಿ. ರಾಜಕೀಯವಾಗಿ ಅದು ಅಗ್ಗ. ಆದರೆ ಹೊಸಬರು ಪ್ರತಿ ವರ್ಷ ಬರುತ್ತಲೇ ಇರುತ್ತಾರೆ, ಹಳಬರು ನಿವೃತ್ತರಾಗುತ್ತಲೇ ಇರುತ್ತಾರೆ. ಹದಿನೈದು ವರ್ಷ ಕಳೆಯುವುದರಲ್ಲಿ ಎನ್‌ಪಿಎಸ್‌ನವರು ನೌಕರವರ್ಗದ ದೊಡ್ಡ ಪಾಲಾದರು, ಪ್ರತಿ ಕ್ಷೇತ್ರದಲ್ಲೂ ಎಣಿಕೆಗೆ ಸಿಗುವ ಮತದಾರರಾದರು. 2006ರಲ್ಲಿ ನಡೆಯದ ಮಾತುಕತೆ 2022ರಲ್ಲಿ ಫ್ರೀಡಂ ಪಾರ್ಕಿನಲ್ಲಿ ಘೋಷಣೆಯಾಗಿ ಬಂತು.

ಲೆಕ್ಕದ ಒಳಗೆ ಇಳಿದರೆ

ಈ ವಿವಾದದಲ್ಲಿ ಎರಡೂ ಕಡೆಯವರು ತಮಗೆ ಬೇಕಾದ ಅಂಕಿಯನ್ನಷ್ಟೇ ತೋರಿಸುತ್ತಾರೆ. ಆದ್ದರಿಂದ ಒಂದು ಮಾದರಿ ಲೆಕ್ಕವನ್ನು ನಿಧಾನವಾಗಿ ಮಾಡಿ ನೋಡುವುದು ಒಳ್ಳೆಯದು. ಇಲ್ಲಿಯ ಅಂಕಿಗಳು ಊಹೆಯವು. ಲೆಕ್ಕದ ನಡೆ ಮಾತ್ರ ನಿಜವಾದದ್ದು.

ಪೂರ್ಣ ಸೇವೆ ಮುಗಿಸಿದ ಇಬ್ಬರು ಶಿಕ್ಷಕಿಯರನ್ನು ತೆಗೆದುಕೊಳ್ಳೋಣ. ಇಬ್ಬರ ಕೊನೆಯ ಮೂಲ ವೇತನವೂ 70,000 ರೂಪಾಯಿ. ಹಳೆಯ ಪದ್ಧತಿಯವರಿಗೆ ತಿಂಗಳಿಗೆ 35,000 ಮೂಲ ಪಿಂಚಣಿ. ಹೊಸ ಪದ್ಧತಿಯವರ ಖಾತೆಯಲ್ಲಿ 60 ಲಕ್ಷ ಕೂಡಿದೆ ಎನ್ನೋಣ. ನಿಯಮದಂತೆ ಶೇ. 60ರವರೆಗೆ, ಅಂದರೆ 36 ಲಕ್ಷವನ್ನು, ಇಡಿಗಂಟಾಗಿ ತೆಗೆದುಕೊಳ್ಳಬಹುದು. ಅದಕ್ಕೆ ತೆರಿಗೆ ಇಲ್ಲ. ಉಳಿದ ಶೇ. 40ಕ್ಕೆ, ಅಂದರೆ 24 ಲಕ್ಷಕ್ಕೆ, ವಿಮಾ ಕಂಪನಿಯಿಂದ ಆನ್ಯುಟಿ, ಅಂದರೆ ಬದುಕಿರುವವರೆಗೆ ತಿಂಗಳು ತಿಂಗಳು ಹಣ ಕೊಡುವ ಯೋಜನೆ, ಕೊಳ್ಳಲೇಬೇಕು. ವರ್ಷಕ್ಕೆ ಶೇ. 6.5ರ ದರ ಸಿಕ್ಕರೆ ತಿಂಗಳಿಗೆ 13,000 ರೂಪಾಯಿ. ಹಳೆ ಪಿಂಚಣಿ ಬೇಕೆನ್ನುವವರು ‘35 ಸಾವಿರ ಎಲ್ಲಿ, 13 ಸಾವಿರ ಎಲ್ಲಿ’ ಎಂದು ತೋರಿಸುವುದು ಇದನ್ನೇ. ಆದರೆ ಕೈಗೆ ಬಂದ 36 ಲಕ್ಷ ಆ ಹೋಲಿಕೆಯಲ್ಲಿ ಮಾಯವಾಗಿರುತ್ತದೆ. ಪೂರ್ತಿ 60 ಲಕ್ಷಕ್ಕೂ ಆನ್ಯುಟಿ ಕೊಂಡರೆ ತಿಂಗಳಿಗೆ 32,500 ಬರುತ್ತದೆ. ಮೊದಲ ತಿಂಗಳು ಇಬ್ಬರ ನಡುವಿನ ಅಂತರ ಎಷ್ಟೋ ಕಡಿಮೆ.

ಹಾಗಾದರೆ ನೌಕರರ ದೂರು ಸುಳ್ಳೇ? ಅಲ್ಲ. ಮೊದಲ ತಿಂಗಳಲ್ಲಿ ಸಿಕ್ಕ ಆ 32,500 ರೂಪಾಯಿ ಹದಿನೈದು ವರ್ಷದ ನಂತರವೂ 32,500 ರೂಪಾಯಿಯೇ. ಹಳೆಯ ಪಿಂಚಣಿಯ ಮೇಲಿನ ತುಟ್ಟಿಭತ್ಯೆ ಬೆಲೆಗಳ ಜೊತೆ ವರ್ಷಕ್ಕೆ ಸರಾಸರಿ ಶೇ. 5ರಷ್ಟು ಏರುತ್ತದೆ ಎಂದುಕೊಂಡರೂ 35,000 ಎಂಬುದು ಹದಿನೈದು ವರ್ಷದಲ್ಲಿ 72,000 ದಾಟುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ, ಮನೆಕೆಲಸಕ್ಕೆ ಬರುವವರ ಸಂಬಳ ಎಲ್ಲವೂ ಏರುತ್ತಿರುವ ವಯಸ್ಸಿನಲ್ಲಿ ಆದಾಯ ಮಾತ್ರ ನಿಂತ ನೀರು. ಈ ನಷ್ಟವನ್ನು ಎನ್‌ಪಿಎಸ್‌ ಹೂಡಿಕೆಯ ಲಾಭದ ದರ ತೋರಿಸಿ ಮುಚ್ಚಲಾಗದು. ಸರ್ಕಾರಿ ನೌಕರರ ನಿಧಿ ದೀರ್ಘಕಾಲದಲ್ಲಿ ಶೇ. 9ರ ಆಸುಪಾಸು ಬೆಳೆದಿರುವುದು ನಿಜ, ಅದು ಕಳಪೆ ಸಾಧನೆಯಲ್ಲ. ತೊಂದರೆ ಇರುವುದು ನಿಧಿ ಬೆಳೆಯುವ ಮೂವತ್ತು ವರ್ಷಗಳಲ್ಲಲ್ಲ, ಅದನ್ನು ಉಣ್ಣುವ ಇಪ್ಪತ್ತೈದು ವರ್ಷಗಳಲ್ಲಿ. ಬೆಲೆ ಏರಿಕೆಯ ಅಪಾಯ, ಹೆಚ್ಚು ಕಾಲ ಬದುಕುವ ಅಪಾಯ, ಮಾರುಕಟ್ಟೆ ಕುಸಿದ ವರ್ಷವೇ ನಿವೃತ್ತರಾಗುವ ಅಪಾಯ, ಮೂರನ್ನೂ 2006ರ ಆದೇಶ ಖಜಾನೆಯ ಹೆಗಲಿನಿಂದ ಇಳಿಸಿ ನೌಕರನ ಹೆಗಲಿಗೆ ಹಾಕಿತು. ಆನ್ಯುಟಿ ಕೊಂಡರೆ ಎರಡನೆಯದನ್ನಾದರೂ ವಿಮಾ ಕಂಪನಿ ಹೊರುತ್ತದೆ. ಮೊದಲನೆಯದನ್ನು ಹೊರುವವರು ಯಾರೂ ಇಲ್ಲ.

ಇನ್ನೂ ಕಠಿಣವಾದದ್ದು ತಡವಾಗಿ ಕೆಲಸಕ್ಕೆ ಸೇರಿದವರ ಪಾಡು. ವಯೋಮಿತಿ ಸಡಿಲಿಕೆಯಲ್ಲಿ ಸೇರಿ ಹತ್ತು ಹನ್ನೆರಡು ವರ್ಷಕ್ಕೇ ನಿವೃತ್ತರಾದವರ ಖಾತೆಯಲ್ಲಿ 10 ಲಕ್ಷವಿದ್ದರೆ ಅದರ ಶೇ. 40ಕ್ಕೆ ಸಿಗುವ ಆನ್ಯುಟಿ ತಿಂಗಳಿಗೆ ಎರಡು ಸಾವಿರ ಚಿಲ್ಲರೆ. ಹಳೆಯ ಪದ್ಧತಿಯಲ್ಲಿ ಹತ್ತು ವರ್ಷ ಸೇವೆ ಇದ್ದವರಿಗೂ ಕನಿಷ್ಠ ಪಿಂಚಣಿ ಇತ್ತು. ಕೇಂದ್ರದಲ್ಲಿ ಏಳನೇ ವೇತನ ಆಯೋಗದ ನಂತರ ಅದು 9,000 ರೂಪಾಯಿ, ಮೇಲೆ ತುಟ್ಟಿಭತ್ಯೆ. ಎನ್‌ಪಿಎಸ್‌ನಲ್ಲಿ ಮೊದಲು ನಿವೃತ್ತರಾದವರು ಇಂಥವರೇ. ಅವರ ಎರಡು ಸಾವಿರದ ಪಿಂಚಣಿ ಚೀಟಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡಿ, ಮೂವತ್ತರ ಹರೆಯದ ನೌಕರರನ್ನೂ ಬೆಚ್ಚಿಬೀಳಿಸಿತು. ಪೂರ್ಣ ಸೇವೆಯವರ ಲೆಕ್ಕ ಬೇರೆ ಎಂದು ಅವರಿಗೆ ಕುಳಿತು ವಿವರಿಸುವ ಕೆಲಸವನ್ನು ಸರ್ಕಾರದ ಕಡೆಯಿಂದ ಯಾರೂ ಮಾಡಲಿಲ್ಲ.

ಕಾಗದ ಮುಂದೆ, ಕಡಿತ ಹಿಂದೆ

ವೈಯಕ್ತಿಕ ಖಾತೆಯ ಪದ್ಧತಿಗೆ ಜೀವಾಳ ಒಂದೇ: ಹಣ ಸಕಾಲಕ್ಕೆ ಖಾತೆ ಸೇರಬೇಕು. ಚಕ್ರಬಡ್ಡಿಯ ಲೆಕ್ಕದಲ್ಲಿ ಮೊದಲ ವರ್ಷಗಳ ಹಣಕ್ಕೇ ಹೆಚ್ಚು ಬೆಲೆ. ನಮ್ಮಲ್ಲಿ ಎಡವಟ್ಟಾದದ್ದು ಅಲ್ಲೇ. ಆದೇಶ 2006ರದ್ದು, ಪ್ರಾನ್ ಸಂಖ್ಯೆ (ನೌಕರನ ಎನ್‌ಪಿಎಸ್ ಖಾತೆಯ ಕಾಯಂ ಸಂಖ್ಯೆ) ಕೊಟ್ಟು, ಬಟವಾಡೆ ಅಧಿಕಾರಿಗಳಿಂದ ಖಜಾನೆಗೆ, ಖಜಾನೆಯಿಂದ ಕೇಂದ್ರ ದಾಖಲೆ ಸಂಸ್ಥೆಗೆ ಹಣ ಹರಿಯುವ ವ್ಯವಸ್ಥೆ ನೆಲೆ ನಿಲ್ಲಲು ವರ್ಷಗಳೇ ಹಿಡಿದವು. ನಡುವಿನ ಕಾಲದ ವಂತಿಗೆಗೆ ‘ಬ್ಯಾಕ್‌ಲಾಗ್’ ಎಂಬ ಹೆಸರೇ ಬಿತ್ತು. ಅದನ್ನು ಸಂಬಳದಿಂದ ಕಂತು ಕಂತಾಗಿ ಕಡಿಯಬೇಕಾಯಿತು. ವರ್ಗಾವಣೆಯಾದಾಗ ವಂತಿಗೆ ಬಿಟ್ಟುಹೋಗುವುದು, ಜನ್ಮದಿನಾಂಕ ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಇರುವುದು, ನಾಮನಿರ್ದೇಶನವೇ ದಾಖಲಾಗದಿರುವುದು, ಇವೆಲ್ಲ ನೌಕರರಿಗೆ ಚಿರಪರಿಚಿತ. ಹಳೆಯ ಪದ್ಧತಿಯಲ್ಲಿ ಸೇವಾ ಪುಸ್ತಕ ಸರಿ ಇದ್ದರೆ ಪಿಂಚಣಿ ಸರಿ. ಹೊಸದರಲ್ಲಿ ಪ್ರತಿ ತಿಂಗಳ ನಮೂದೂ ಸರಿ ಇರಬೇಕು.

ಸೇವೆಯಲ್ಲಿದ್ದಾಗಲೇ ತೀರಿಹೋದವರ ಕುಟುಂಬಗಳ ಸ್ಥಿತಿಯಂತೂ ಮೊದಲ ವರ್ಷಗಳಲ್ಲಿ ಹೇಳತೀರದು. ಖಾತೆಯಲ್ಲಿ ಮೂರು ನಾಲ್ಕು ಲಕ್ಷ ಇದ್ದರೆ ಹೆಂಡತಿ ಮಕ್ಕಳಿಗೆ ಅದೇ ಗತಿ. ಕೇಂದ್ರವೂ ರಾಜ್ಯಗಳೂ ಆಮೇಲೆ ಎಚ್ಚೆತ್ತು ಇಂಥ ಪ್ರಕರಣಗಳಲ್ಲಿ ಕುಟುಂಬ ಪಿಂಚಣಿಗೆ ದಾರಿ ಮಾಡಿದವು. ಯೋಜನೆ ರೂಪಿಸುವ ಮೊದಲ ದಿನವೇ ಯೋಚಿಸಬೇಕಾಗಿದ್ದ ವಿಷಯ ಇದು.

ಒಂದೇ ಆಯ್ಕೆ ಪಟ್ಟಿ, ಎರಡು ಪಿಂಚಣಿ

ಗೆರೆಯ ಅನ್ಯಾಯ ಕಣ್ಣಿಗೆ ಹೊಡೆಯುವಂತೆ ಕಂಡದ್ದು ಅದರ ಅಂಚಿನಲ್ಲಿ ನಿಂತವರಲ್ಲಿ. ನೇಮಕಾತಿ ಅಧಿಸೂಚನೆ ಹೊರಟದ್ದು 2006ರ ಏಪ್ರಿಲ್‌ಗೆ ಮೊದಲು. ಅರ್ಜಿ ಹಾಕಿದಾಗ ಇದ್ದದ್ದು ಹಳೆಯ ಪಿಂಚಣಿ. ಆಮೇಲೆ ಪರೀಕ್ಷೆ, ಆಯ್ಕೆ ಪಟ್ಟಿ, ಆಕ್ಷೇಪಣೆ, ದಾಖಲೆ ಪರಿಶೀಲನೆ, ಸಿಂಧುತ್ವ ಪ್ರಮಾಣಪತ್ರ, ಪೊಲೀಸ್ ವರದಿ. ನಮ್ಮ ನೇಮಕಾತಿಗಳು ಎಷ್ಟು ಕಾಲ ಹಿಡಿಯುತ್ತವೆ ಎಂಬುದು ಅಭ್ಯರ್ಥಿಗಳಿಗೆಲ್ಲ ಗೊತ್ತು. ಆದೇಶ ಕೈಗೆ ಬಂದು ಹಾಜರಾಗುವ ಹೊತ್ತಿಗೆ ದಿನಾಂಕ ದಾಟಿತ್ತು. ತಡ ಮಾಡಿದ್ದು ಸರ್ಕಾರದ ವ್ಯವಸ್ಥೆ, ಪಿಂಚಣಿ ಕಳೆದುಕೊಂಡದ್ದು ನೌಕರ.

ಕೇಂದ್ರ ಸರ್ಕಾರ ಇಂಥವರಿಗೆ 2023ರ ಮಾರ್ಚ್‌ನಲ್ಲಿ ಹಳೆಯ ಪದ್ಧತಿಗೆ ಮರಳಲು ಒಂದು ಸಲದ ಅವಕಾಶ ಕೊಟ್ಟಿತು. ಕರ್ನಾಟಕದಲ್ಲಿ 2024ರ ಜನವರಿಯಲ್ಲಿ ಸಿದ್ದರಾಮಯ್ಯ ಸರ್ಕಾರ ಇದೇ ಬಗೆಯ ಆದೇಶ ಹೊರಡಿಸಿತು. ಸುಮಾರು 13,000 ನೌಕರರಿಗೆ ಅನುಕೂಲವಾಯಿತು. ಇದು ನ್ಯಾಯವಾದ ತೀರ್ಮಾನ. ಇದಕ್ಕೆ ಹದಿನೆಂಟು ವರ್ಷ ಹಿಡಿಯಬಾರದಿತ್ತು.

ಈ ನಡುವೆ ಚಳವಳಿ ಬೆಳೆದಿತ್ತು. 2022ರ ಡಿಸೆಂಬರ್‌ನಲ್ಲಿ ಎನ್‌ಪಿಎಸ್ ನೌಕರರ ಸಂಘ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಿತು. ಹಳೆ ಪಿಂಚಣಿ ಕೊಡುವವರಿಗೇ ನಮ್ಮ ವೋಟು ಎಂಬ ಪ್ರಚಾರವೂ ಶುರುವಾಯಿತು. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರ ಸಂಘ ವೇತನ ಪರಿಷ್ಕರಣೆ ಮತ್ತು ಹಳೆ ಪಿಂಚಣಿ ಎರಡನ್ನೂ ಮುಂದಿಟ್ಟು ಮುಷ್ಕರಕ್ಕೆ ಕರೆ ಕೊಟ್ಟಿತು. ಬೊಮ್ಮಾಯಿ ಸರ್ಕಾರ ಅದೇ ದಿನ ಮೂಲ ವೇತನಕ್ಕೆ ಶೇ. 17ರ ಮಧ್ಯಂತರ ಪರಿಹಾರ ಘೋಷಿಸಿತು. ಪಿಂಚಣಿಯ ವಿಷಯಕ್ಕೆ ಬೇರೆ ರಾಜ್ಯಗಳ ಅನುಭವ ಅಧ್ಯಯನ ಮಾಡಲು ಸಮಿತಿ ಎಂದಿತು. ಮುಷ್ಕರ ನಿಂತಿತು. ಚುನಾವಣೆಯಲ್ಲಿ ಕಾಂಗ್ರೆಸ್ ಪ್ರಣಾಳಿಕೆ ಹಳೆ ಪಿಂಚಣಿಯ ಬೇಡಿಕೆಯನ್ನು ಸಹಾನುಭೂತಿಯಿಂದ ಪರಿಗಣಿಸುವ ಭರವಸೆ ಕೊಟ್ಟಿತು. ವಿರೋಧ ಪಕ್ಷದಲ್ಲಿದ್ದಾಗ ಇದು ಸಲೀಸು, ಆಡಳಿತಕ್ಕೆ ಬಂದ ಮೇಲೆ ಮತ್ತೆ ಸಮಿತಿ. ಮಾಜಿ ಶಾಸಕರಿಗೆ ಪಿಂಚಣಿ ಇದೆ, ನಮಗೇಕಿಲ್ಲ ಎಂಬ ನೌಕರರ ಪ್ರಶ್ನೆಗೆ ಎರಡೂ ಕಡೆಯವರಲ್ಲಿ ನೆಟ್ಟಗಿನ ಉತ್ತರ ಇಲ್ಲ.

ಹಿಂದಕ್ಕೆ ಹೋಗುವುದರ ಬೆಲೆ

ರಾಜಸ್ಥಾನ, ಛತ್ತೀಸಗಡ, ಜಾರ್ಖಂಡ್, ಪಂಜಾಬ್, ಹಿಮಾಚಲ ಪ್ರದೇಶ 2022 ಮತ್ತು 2023ರಲ್ಲಿ ಹಳೆ ಪಿಂಚಣಿಗೆ ಮರಳುವ ತೀರ್ಮಾನ ಮಾಡಿದವು. ಹಣ ಇಲ್ಲ ಎಂದು ಸುಧಾರಣೆ ಮಾಡಿದ ರಾಜ್ಯಗಳಿಗೇ ಅದನ್ನು ರದ್ದು ಮಾಡಲು ಹೇಗೆ ಸಾಧ್ಯವಾಯಿತು? ಇಲ್ಲೇ ಪಿಂಚಣಿ ರಾಜಕೀಯದ ಸೂಕ್ಷ್ಮ ಅಡಗಿದೆ.

ಸುಧಾರಣೆ ಮಾಡಿದ ತಲೆಮಾರಿನ ಸರ್ಕಾರಗಳ ಮೇಲೆ ಎರಡು ಹೊರೆ ಬೀಳುತ್ತದೆ. ಹಳಬರ ಪಿಂಚಣಿಯನ್ನು ಬಜೆಟ್‌ನಿಂದ ಕೊಡುತ್ತಲೇ ಇರಬೇಕು, ಹೊಸಬರ ಖಾತೆಗೆ ಪ್ರತಿ ತಿಂಗಳು ವಂತಿಗೆಯನ್ನೂ ಕಟ್ಟಬೇಕು. ಉಳಿತಾಯ ಕಾಣುವುದು ಮೂವತ್ತು ವರ್ಷದ ನಂತರ. ಹಿಂದಕ್ಕೆ ಹೋದರೆ ಇದು ಅಡಿಮೇಲು. ವಂತಿಗೆ ಕಟ್ಟುವುದು ಇಂದೇ ನಿಲ್ಲುತ್ತದೆ, ಬಜೆಟ್‌ಗೆ ತಕ್ಷಣ ಉಸಿರು ಬರುತ್ತದೆ. ಆ ನೌಕರರು ದೊಡ್ಡ ಸಂಖ್ಯೆಯಲ್ಲಿ ನಿವೃತ್ತರಾಗುವುದು 2030ರ ದಶಕದ ಕೊನೆಗೆ. ಬಿಲ್ಲು ಬರುವ ಹೊತ್ತಿಗೆ ಇಂದಿನ ಮಂತ್ರಿಗಳಾರೂ ವಿಧಾನಸೌಧದಲ್ಲಿ ಇರುವುದಿಲ್ಲ. ರಿಸರ್ವ್ ಬ್ಯಾಂಕಿನ 2023ರ ಸೆಪ್ಟೆಂಬರ್ ಬುಲೆಟಿನ್‌ನಲ್ಲಿ ಬಂದ ಅಧ್ಯಯನ ಇದನ್ನು ಲೆಕ್ಕ ಹಾಕಿ ತೋರಿಸಿತು. ಎಲ್ಲ ರಾಜ್ಯಗಳೂ ಹಳೆಯ ಪದ್ಧತಿಗೆ ಮರಳಿದರೆ ಒಟ್ಟು ಹೊರೆ ಎನ್‌ಪಿಎಸ್‌ನ 4.5 ಪಟ್ಟಿನವರೆಗೆ ಹೋಗಬಹುದು. 2060ರ ಹೊತ್ತಿಗೆ ಹೆಚ್ಚುವರಿ ಹೊರೆಯೇ ವರ್ಷಕ್ಕೆ ಜಿಡಿಪಿಯ ಶೇ. 0.9 ಮುಟ್ಟಬಹುದು.

ಮರಳಿದ ರಾಜ್ಯಗಳಿಗೆ ಇನ್ನೊಂದು ಗೋಡೆ ಎದುರಾಯಿತು. ಇಷ್ಟು ವರ್ಷ ಕಟ್ಟಿದ ಹಣ ವಾಪಸ್ ಕೊಡಿ ಎಂದಾಗ, ಅದು ಪ್ರತಿ ನೌಕರನ ಹೆಸರಿನಲ್ಲಿರುವ ಹಣ, ರಾಜ್ಯ ಸರ್ಕಾರಗಳಿಗೆ ಹಿಂದಿರುಗಿಸಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಕೇಂದ್ರ ಹೇಳಿತು. ಹಳೆ ಪಿಂಚಣಿ ಘೋಷಣೆಯಾಯಿತು, ಹಣ ಮಾತ್ರ ಎನ್‌ಪಿಎಸ್ ಖಾತೆಗಳಲ್ಲೇ ಉಳಿಯಿತು. ಕರ್ನಾಟಕ ಈ ದಾರಿ ಹಿಡಿಯುವುದಾದರೆ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು.

ಎರಡು ದಶಕ ಸುತ್ತಿ ಬಂದ ದಾರಿ

ಟಿ.ವಿ. ಸೋಮನಾಥನ್ ಸಮಿತಿಯ ಶಿಫಾರಸಿನ ಮೇಲೆ ಕೇಂದ್ರ ಸಂಪುಟ 2024ರ ಆಗಸ್ಟ್ 24ರಂದು ಏಕೀಕೃತ ಪಿಂಚಣಿ ಯೋಜನೆಗೆ, ಅಂದರೆ ಯುಪಿಎಸ್‌ಗೆ, ಒಪ್ಪಿಗೆ ಕೊಟ್ಟಿತು. 2025ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. 25 ವರ್ಷ ಸೇವೆ ಇದ್ದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ, ಬೆಲೆ ಏರಿಕೆಗೆ ತಕ್ಕ ಪರಿಹಾರ, ಕನಿಷ್ಠ 10 ವರ್ಷ ಸೇವೆಗೆ ತಿಂಗಳಿಗೆ 10,000 ರೂಪಾಯಿ ಖಾತರಿ, ಸಂಗಾತಿಗೆ ಪಿಂಚಣಿಯ ಶೇ. 60. ನೌಕರನ ವಂತಿಗೆ ಶೇ. 10 ಮುಂದುವರಿಯುತ್ತದೆ, ಸರ್ಕಾರದ್ದು ಶೇ. 18.5, ಅದರಲ್ಲಿ 8.5 ಸಾಮೂಹಿಕ ನಿಧಿಗೆ. ಆಂಧ್ರಪ್ರದೇಶ ಇದಕ್ಕೂ ಮೊದಲೇ, 2023ರಲ್ಲಿ, ಇದೇ ಜಾತಿಯ ಖಾತರಿ ಪಿಂಚಣಿಗೆ ಕಾನೂನು ಮಾಡಿತ್ತು.

ಹಣ ಮೊದಲೇ ಕೂಡಿಡಬೇಕು, ಆದರೆ ಸಿಗುವ ಮೊತ್ತಕ್ಕೆ ಖಾತರಿ ಬೇಕು. 2002ರಲ್ಲಿ ಭಟ್ಟಾಚಾರ್ಯ ತಂಡ ಹೇಳಿದ್ದರ ಸಾರ ಇದೇ ಅಲ್ಲವೇ? ಅಂದೇ ಕೇಳಿದ್ದರೆ ಒಂದು ತಲೆಮಾರಿನ ನೌಕರರ ಅಪನಂಬಿಕೆ ಕಟ್ಟಿಕೊಳ್ಳಬೇಕಾಗಿರಲಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಚಿಲಿ ದೇಶದ ಅನುಭವವೂ ಹೀಗೇ. ಪಿನೋಚೆಟ್ ಆಳ್ವಿಕೆಯಲ್ಲಿ 1981ರಲ್ಲಿ, ಸೈನ್ಯವನ್ನು ಹೊರಗಿಟ್ಟು, ಹೊಸದಾಗಿ ಕೆಲಸಕ್ಕೆ ಸೇರುವ ನೌಕರರನ್ನು ವೈಯಕ್ತಿಕ ಖಾತೆಗೆ ತಳ್ಳಲಾಯಿತು. ಜಗತ್ತು ಅದನ್ನು ಮಾದರಿ ಎಂದಿತು. ಸಿಕ್ಕ ಪಿಂಚಣಿ ಹೊಟ್ಟೆಗೆ ಸಾಲದೆ 2008ರಲ್ಲಿ ಬ್ಯಾಚೆಲೆಟ್ ಸರ್ಕಾರ ಬಡ ವೃದ್ಧರಿಗೆ ಸರ್ಕಾರಿ ಆಸರೆ ಸೇರಿಸಿತು, 2022ರಲ್ಲಿ ಅದನ್ನು ಬಹುಪಾಲು ವೃದ್ಧರಿಗೆ ಹಿಗ್ಗಿಸಲಾಯಿತು.

ಯುಪಿಎಸ್ ಬಂತೆಂದು ನೌಕರರು ಓಡಿಬರಲಿಲ್ಲ ಎಂಬುದನ್ನೂ ಹೇಳಬೇಕು. ಆಯ್ಕೆಯ ಕೊನೆಯ ದಿನ ಜೂನ್‌ನಿಂದ ಸೆಪ್ಟೆಂಬರ್‌ಗೆ, ಮತ್ತೆ 2025ರ ನವೆಂಬರ್‌ಗೆ ಹೋಯಿತು. 23 ಲಕ್ಷ ಅರ್ಹ ಕೇಂದ್ರ ನೌಕರರಲ್ಲಿ ಒಪ್ಪಿದವರು ಸಣ್ಣ ಪಾಲು. ಯುಪಿಎಸ್‌ನಲ್ಲಿ ಖಾತೆಯ ಹಣ ಸಾಮೂಹಿಕ ನಿಧಿಗೆ ಸೇರುತ್ತದೆ, ಗಂಡ ಹೆಂಡತಿ ಇಬ್ಬರ ನಂತರ ಮಕ್ಕಳಿಗೆ ಉಳಿಯುವುದಿಲ್ಲ. ಇಡಿಗಂಟು ತೆಗೆದರೆ ಆ ಪ್ರಮಾಣದಲ್ಲಿ ಪಿಂಚಣಿ ಇಳಿಯುತ್ತದೆ. ಒಮ್ಮೆ ಮಾತು ತಪ್ಪಿದವರು ಎರಡನೇ ಸಲ ಕೊಡುವ ಮಾತನ್ನು ಜನ ಅಳೆದು ತೂಗಿಯೇ ನಂಬುತ್ತಾರೆ. ಹಳೆ ಪಿಂಚಣಿಯೇ ಬರಬಹುದೆಂಬ ಆಸೆಯೂ ಹಲವರಲ್ಲಿ ಇನ್ನೂ ಬತ್ತಿಲ್ಲ.

ಕರ್ನಾಟಕದ ಮುಂದಿರುವುದು

ರಾಜ್ಯದ ಮುಂದೆ ಈಗ ಮೂರು ದಾರಿ ಇವೆ: ಪೂರ್ತಿ ಹಿಂದಕ್ಕೆ ಹೋಗುವುದು, ಯುಪಿಎಸ್ ಒಪ್ಪುವುದು, ತನ್ನದೇ ಮಾದರಿ ಕಟ್ಟುವುದು. ನಾನು ಮೂರನೆಯದರ ಪರ. ವಂತಿಗೆ ಮುಂದುವರಿಯಲಿ, ಪೂರ್ಣ ಸೇವೆಗೆ ಅರ್ಧ ವೇತನದ ಖಾತರಿ ಮತ್ತು ತುಟ್ಟಿಭತ್ಯೆ ಇರಲಿ, ಕಡಿಮೆ ಸೇವೆಯವರಿಗೆ ಗೌರವದಿಂದ ಬದುಕುವಷ್ಟು ಕನಿಷ್ಠ ಪಿಂಚಣಿ ಇರಲಿ. ಆದರೆ ಯಾವುದೇ ತೀರ್ಮಾನಕ್ಕೆ ಮೊದಲು 2060ರವರೆಗೆ ವರ್ಷವರ್ಷಕ್ಕೆ ಎಷ್ಟು ವೆಚ್ಚ ಎಂಬ ವಿಮಾಗಣಿತದ ಲೆಕ್ಕವನ್ನು ವಿಧಾನಮಂಡಲದ ಮುಂದೆ ಇಡಬೇಕು. 2006ರಲ್ಲಿ ಕೇಳದೆ ಮಾಡಿದ್ದನ್ನು ಈಗ ಲೆಕ್ಕ ತೋರಿಸದೆ ತಿದ್ದುವುದು ಬೇಡ. ಅಂದು ಮಾತುಕತೆಯಲ್ಲಿ ಇಲ್ಲದವರು ಇಂದಿನ ನೌಕರರು. ಇಂದು ಮಾತುಕತೆಯಲ್ಲಿ ಇಲ್ಲದವರು 2050ರಲ್ಲಿ ತೆರಿಗೆ ಕಟ್ಟುವವರು.

ಇಂದೇ ಇದ್ದೂ ಈ ಚರ್ಚೆಯಲ್ಲಿ ಕಾಣದ ಇನ್ನೊಂದು ದೊಡ್ಡ ಗುಂಪಿದೆ. ಖಾಸಗಿ ಕಾರ್ಖಾನೆಯಲ್ಲಿ ದುಡಿದು ಇಪಿಎಸ್-95ರಲ್ಲಿ (1995ರ ನೌಕರರ ಪಿಂಚಣಿ ಯೋಜನೆಯಲ್ಲಿ) ನಿವೃತ್ತರಾದವರಿಗೆ 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ಅವರು 7,500 ಕೇಳುತ್ತ ವರ್ಷಗಳಾದವು. ಕೂಲಿ ಮಾಡಿದವರು, ಗೇಣಿ ಮಾಡಿದವರು, ಬೀಡಿ ಕಟ್ಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಿಂದ ಬರುವುದು 1,200 ರೂಪಾಯಿ. ನೌಕರರು ತುಟ್ಟಿಭತ್ಯೆ ಇಲ್ಲದ ಪಿಂಚಣಿ ಪಿಂಚಣಿಯೇ ಅಲ್ಲ ಎನ್ನುತ್ತಾರೆ. ಅದು ನೂರಕ್ಕೆ ನೂರು ಸರಿಯಾದ ಮಾತು. ಹಾಗಿದ್ದರೆ ಸಂಧ್ಯಾ ಸುರಕ್ಷಾದ 1,200 ರೂಪಾಯಿಗೂ ತುಟ್ಟಿಭತ್ಯೆ ಬೇಕು. ಅದು ಯಾವುದೋ ಬಜೆಟ್ ಭಾಷಣದಲ್ಲಿ ಇನ್ನೂರು ರೂಪಾಯಿ ಏರಿದಾಗ ಮಾತ್ರ ಏರುತ್ತದೆ, ಆ ನಡುವಿನ ವರ್ಷಗಳಲ್ಲಿ ಬೆಲೆ ಏರಿದಷ್ಟೂ ಅದರ ಕೊಳ್ಳುವ ಶಕ್ತಿ ಇಳಿಯುತ್ತದೆ. ನೌಕರರ ಪಿಂಚಣಿಯನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟುವ ಆದೇಶ ಹೊರಡುವ ದಿನವೇ ಸಾಮಾಜಿಕ ಭದ್ರತಾ ಪಿಂಚಣಿಗಳನ್ನೂ ಅದೇ ಸೂಚ್ಯಂಕಕ್ಕೆ ಕಟ್ಟಬೇಕು. ನೌಕರರ ಸಂಘಗಳು ತಮ್ಮ ಬೇಡಿಕೆ ಪಟ್ಟಿಯಲ್ಲಿ ಇದನ್ನೂ ಸೇರಿಸಿದರೆ ಖಜಾನೆಯ ಹಣದ ಬಗ್ಗೆ ತಕರಾರು ಎತ್ತುವ ಹಳ್ಳಿಯ ತೆರಿಗೆದಾರರೂ ಅವರ ಜೊತೆ ನಿಲ್ಲುತ್ತಾರೆ.